ತಪ್ಪು ಕನ್ನಡ ಕಂಡಾಗ ತಿದ್ದಬೇಕಾ, ಸುಮ್ನೆ ಓದಿಕೊಳ್ಳಬೇಕಾ?

ಪ್ರಶ್ನೆ
ಕೇಳಿದವರು: ಗಂಗಾವತಿ ಡಿಟಿಪಿ

ಎಲ್ಲರಿಗೂ ನಮಸ್ಕಾರ. ಗಂಗಾವತಿಯಲ್ಲಿ ನನ್ನದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಫ್ಲೆಕ್ಸ್, ಜಾತ್ರೆ ಪಾಂಪ್ಲೆಟ್, ರೈಸ್ ಮಿಲ್‌ಗಳ ಬಿಲ್ ಬುಕ್, ಎಲ್ಲಾ ಮಾಡುತ್ತೇನೆ. ಈಗ ಹಾಳೆಯಲ್ಲಿ ಬರೆದು ತರುವವರು ಕಡಿಮೆ. ಮ್ಯಾಟರ್ ವಾಟ್ಸಾಪ್‌ನಲ್ಲೇ ಬರುತ್ತೆ. ಹಾಗಾಗಿ ಇಡೀ ದಿನ ನಾನು ಓದೋದು ಜನ ಮೊಬೈಲಿನಲ್ಲಿ ಬರೆದ ಕನ್ನಡವನ್ನೇ.

ತಪ್ಪು ಕಂಡರೆ ನನಗೆ ನಿಜವಾಗ್ಲೂ ಕಿರಿಕಿರಿ ಆಗುತ್ತೆ. ಉಣ್ಣುವಾಗ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. ಬರ್ತ್‌ಡೇ ಫ್ಲೆಕ್ಸ್‌ಗೆ ಬರುವ ಮ್ಯಾಟರ್ ನೋಡಿ. ಜಾಸ್ತಿ ಇರೋದು ‘ಹಾರ್ಧಿಕ ಶುಭಾಷಯಗಳು’. ಆಗಬೇಕಾದ್ದು ‘ಹಾರ್ದಿಕ ಶುಭಾಶಯಗಳು’. ಇರೋದೇ ಎರಡು ಪದ, ಎರಡರಲ್ಲೂ ತಪ್ಪು. ಗೃಹಪ್ರವೇಶದ ಕಾರ್ಡಿಗೆ ‘ಗ್ರಹಪ್ರವೇಶ’ ಅಂತ ಕಳಿಸುತ್ತಾರೆ. ಗೃಹ ಅಂದರೆ ಮನೆ. ಗ್ರಹ ಅಂದರೆ ಶನಿ, ಮಂಗಳ. ಸಾಲ ಸೋಲ ಮಾಡಿ ಮನೆ ಕಟ್ಟಿದವರ ಕಾರ್ಡಿನಲ್ಲಿ ಅದನ್ನು ಹಾಗೇ ಬಿಡೋಕೆ ನನಗೆ ಮನಸ್ಸು ಬರಲ್ಲ. ತಿದ್ದಿ ಪ್ರೂಫ್ ಕಳಿಸುತ್ತೇನೆ. ಕೆಲವರು ‘ನಾವು ಕಳಿಸಿದ್ದು ಹಂಗ ಹಾಕ್ರಿ’ ಅಂತ ಜಗಳಕ್ಕೆ ನಿಲ್ಲುತ್ತಾರೆ. ‘ಎಲ್ಲಾರೂ ಹಂಗ ಹಾಕಿಸ್ಯಾರ’ ಅಂತ ಸರ್ಕಲ್ಲಿನಲ್ಲಿ ಕಟ್ಟಿದ ಫ್ಲೆಕ್ಸ್ ಫೋಟೊ ತೆಗೆದು ಕಳಿಸುತ್ತಾರೆ.

ಅಂಗಡಿಯಲ್ಲಿ ಇದು ನನ್ನ ಕೆಲಸ, ಅದರ ಬಗ್ಗೆ ಗೊಂದಲ ಇಲ್ಲ. ನನ್ನ ಪ್ರಶ್ನೆ ಮಾತುಕತೆಯ ಬಗ್ಗೆ.

ನಮ್ಮ ಓಣಿಗೆ ಒಂದು ವಾಟ್ಸಾಪ್ ಗ್ರೂಪ್ ಇದೆ. ನಳದ ನೀರು, ಕರೆಂಟು, ಸಾವು ನೋವು, ತಪ್ಪಿಸಿಕೊಂಡ ಆಡು, ಎಲ್ಲಾ ಸುದ್ದಿ ಅದರಲ್ಲೇ. ತುದಿಮನೆಯಲ್ಲಿ ಒಬ್ಬ ದೊಡ್ಡಮ್ಮ ಇದ್ದಾರೆ. ಮದುವೆಯಾಗಿ ಮಕ್ಕಳು ದೊಡ್ಡವರಾದ ಮೇಲೆ ಸಾಕ್ಷರತಾ ಕ್ಲಾಸಿನಲ್ಲಿ ಅಕ್ಷರ ಕಲಿತವರು. ನಳಕ್ಕೆ ನೀರು ಬಿಟ್ಟ ಕೂಡಲೇ ಎಲ್ಲರಿಗೂ ತಿಳಿಸುತ್ತಿದ್ದದ್ದು ಅವರೇ, ನಸುಕಿನಲ್ಲಿ ಬಿಟ್ಟರೂ ಸರಿ. ‘ನಿರು ಬಂದಾವ ತುಂಬಕೊರಿ’ ಅಂತ. ನೀರಿಗೆ ದೀರ್ಘ ಇಲ್ಲ, ಒತ್ತಕ್ಷರ ಇಲ್ಲ, ಕೊನೆಗೆ ಚುಕ್ಕಿ ಇಲ್ಲ. ಅಷ್ಟಾದರೂ ಓಣಿಯಲ್ಲಿ ಒಬ್ಬರಿಗೂ ತಿಳಿಯದೆ ಹೋಗಿಲ್ಲ.

ಮೊನ್ನೆ ನಮ್ಮ ಓಣಿಯದೇ ಹುಡುಗ, ಈಗ ಬೆಂಗಳೂರಲ್ಲಿ ಕೆಲಸಕ್ಕಿರುವವನು, ಅದರ ಕೆಳಗೇ ಬರೆದ: ‘ನಿರು ಅಲ್ಲ, ನೀರು. ಬಂದಾವ ಅಲ್ಲ, ಬಂದಿದೆ. ನೀರು ಏಕವಚನ. ಕನ್ನಡದ ಕೊಲೆ ಮಾಡಬೇಡಿ.’ ಅದಕ್ಕೆ ನಗುವ ಮುಖಗಳ ಸಾಲು. ಅವತ್ತಿನಿಂದ ದೊಡ್ಡಮ್ಮ ಗ್ರೂಪಿನಲ್ಲಿ ಒಂದಕ್ಷರ ಬರೆದಿಲ್ಲ. ಆ ಹುಡುಗನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಈಗ ಯೋಚನೆ ಹತ್ತಿದೆ. ತಪ್ಪು ಕಂಡರೆ ತಡೆದುಕೊಳ್ಳದವನೂ ನಾನೇ, ತಿದ್ದಿದವನ ಮೇಲೆ ಸಿಟ್ಟಾದವನೂ ನಾನೇ. ಎಲ್ಲಿ ತಿದ್ದಬೇಕು, ಎಲ್ಲಿ ಸುಮ್ನಿರಬೇಕು? ನೀವೆಲ್ಲಾ ಏನು ಮಾಡುತ್ತೀರಿ? ಮತ್ತೆ, ‘ನೀರು ಬಂದಾವ’ ಅನ್ನೋದು ನಿಜಕ್ಕೂ ವ್ಯಾಕರಣ ತಪ್ಪಾ?

ಉತ್ತರ
ಮಸ್ಕಿ ಮೇಷ್ಟ್ರು

ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ‘ನೀರು ಬಂದಾವ’ ತಪ್ಪಲ್ಲ. ನಮ್ಮ ಕಡೆ ಮಾತಿನಲ್ಲಿ ನೀರು ಬಹುವಚನ. ‘ನೀರು ಕಾದಾವ’, ‘ನೀರು ಖಾಲಿ ಆಗ್ಯಾವ’ ಅಂತಲೇ ಅನ್ನುತ್ತೇವೆ. ಯಾರೂ ಕಲಿಸದಿದ್ದರೂ ಚಿಕ್ಕ ಮಕ್ಕಳು ಕೂಡ ಹಾಗೇ ಅನ್ನುತ್ತಾರೆ. ಎಲ್ಲರೂ ತಪ್ಪದೆ ಪಾಲಿಸುವ ಕ್ರಮ ಇದ್ದರೆ ಅದೇ ವ್ಯಾಕರಣ. ಪುಸ್ತಕದ ಕನ್ನಡದ್ದು ಬೇರೆ ಕ್ರಮ, ಅಷ್ಟೇ. ‘ಬಂದಾನ’ ಮತ್ತು ‘ಬಂದಾನು’ ನೋಡಿ. ಮೊದಲನೆಯದು ಬಂದಿದ್ದಾನೆ ಅಂತ, ಎರಡನೆಯದು ಬರಬಹುದು ಅಂತ. ನಮ್ಮ ಮಾತು ಗೊತ್ತಿಲ್ಲದವರು ಇದರಲ್ಲಿ ಕೈ ಹಾಕಿ ತಿದ್ದಿದರೆ ಬಂದವನು ಬರದೇ ಹೋಗುತ್ತಾನೆ.

ನಮ್ಮ ಕಡೆ ಕನ್ನಡ ಅಶುದ್ಧ ಅಂತ ಹೇಳುವವರಿಗೆ ಒಂದು ವಿಷಯ ತಿಳಿಸಿ. 9ನೇ ಶತಮಾನದ ಕವಿರಾಜಮಾರ್ಗದಲ್ಲಿ ಕಿಸುವೊಳಲ್, ಕೊಪಣ, ಪುಲಿಗೆರೆ, ಒಕ್ಕುಂದ, ಈ ನಾಲ್ಕು ಊರುಗಳ ನಡುವಿನ ನಾಡನ್ನು ಕನ್ನಡದ ತಿರುಳು ಅಂತ ಕರೆದಿದ್ದಾರೆ. ಆ ಕೊಪಣವೇ ಈಗಿನ ಕೊಪ್ಪಳ, ನಿಮ್ಮ ಜಿಲ್ಲಾ ಕೇಂದ್ರ.

ಹಾಗಂತ ‘ಶುಭಾಷಯ’ವನ್ನು ನಾನು ಒಪ್ಪಲ್ಲ. ಅದು ಆಡುಮಾತೂ ಅಲ್ಲ, ಪುಸ್ತಕದ ಮಾತೂ ಅಲ್ಲ. ಶುಭ ಮತ್ತು ಆಶಯ ಸೇರಿ ಶುಭಾಶಯ. ಬರೆಯುವಾಗ ತಲೆಯಲ್ಲಿ ಭಾಷೆ, ಭಾಷಣ ಸುಳಿಯುತ್ತೆ, ಷ ಬಂದು ಕೂರುತ್ತೆ. ಒಮ್ಮೆ ಕ್ಲಾಸಿನಲ್ಲಿ ಕೆಂಪು ಗೆರೆ ಹಾಕಿದಾಗ ಹುಡುಗಿಯೊಬ್ಬಳು ‘ಸರ್, ಬಸ್ ಸ್ಟ್ಯಾಂಡಿನ ಬೋರ್ಡಿನ್ಯಾಗ ಹಿಂಗ ಐತಲ್ರೀ’ ಅಂದಳು. ಅಷ್ಟು ದೊಡ್ಡ ಅಕ್ಷರದಲ್ಲಿ ಬರೆದದ್ದು ತಪ್ಪು ಅಂತ ಮಗುವಿಗೆ ನಂಬಿಸೋದು ಕಷ್ಟ. ಆದ್ದರಿಂದ ಫ್ಲೆಕ್ಸ್ ಮತ್ತು ಸುದ್ದಿ ಪೇಜುಗಳಲ್ಲಿ ಜಗಳ ಆದರೂ ಪರವಾಗಿಲ್ಲ, ತಿದ್ದಿ.

ನಿಮ್ಮ ಕಸುಬಿಗೆ ಸಂಬಂಧಪಟ್ಟದ್ದು ಇನ್ನೊಂದಿದೆ. ನಮ್ಮೂರು ಮಸ್ಕಿಯ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂತು. ಅದರಲ್ಲಿ ರಾಜನ ಹೆಸರು ‘ಅಸೋಕ’. ಅದನ್ನು ಬೋರ್ಡಿನ ಮೇಲೆ ಕನ್ನಡ ಅಕ್ಷರದಲ್ಲಿ ಬರೆದಾಗ ಮಕ್ಕಳು ಸ ತಪ್ಪು ಅನ್ನುತ್ತಿದ್ದರು. ಶಾಸನದ ಭಾಷೆ ಪ್ರಾಕೃತ, ಅದರಲ್ಲಿ ಅದೇ ಸರಿ ಅಂತ ವಿವರಿಸುತ್ತಿದ್ದೆ. ಅಶೋಕನ 14ನೇ ಶಿಲಾಶಾಸನದಲ್ಲಂತೂ ಬರಹದಲ್ಲಿ ಕೊರತೆ ಉಳಿದಿದ್ದರೆ ಅದಕ್ಕೆ ಲಿಪಿಕಾರನ ತಪ್ಪೂ ಒಂದು ಕಾರಣ ಇರಬಹುದು ಅನ್ನುವ ಮಾತಿದೆ. ಆ ಶಾಸನದ ಒಂದು ಪ್ರತಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕಿದೆ. ಕಲ್ಲಿನಲ್ಲಿ ಕೊರೆಯುವಾಗಲೇ ತಪ್ಪಿಗೆ ಜಾಗ ಇಟ್ಟಿದ್ದರು. ನಸುಕಿನಲ್ಲಿ ಎದ್ದು ಓಣಿಗೆಲ್ಲಾ ನೀರಿನ ಸುದ್ದಿ ಕೊಡುವ ತಾಯಿಗೆ ಅಷ್ಟು ಜಾಗ ಕೊಡಬಾರದಾ?

ಉತ್ತರ
ರಾಯಚೂರು ಕಿಲ್ಲಾ ಹುಡುಗ

ಅಣ್ಣಾ, ನಮ್ಮ ಮನೆ ಮಾತು ಉರ್ದು. ನಮ್ಮ ತಾತನವರು ನಿಜಾಮರ ಕಾಲದಲ್ಲಿ ಓದಿದವರು. 1948ಕ್ಕೆ ಮುಂಚೆ ಇಲ್ಲಿ ಸರ್ಕಾರದ ಭಾಷೆ ಉರ್ದು, ಅವರ ಶಾಲೆಯೂ ಉರ್ದು. ಕನ್ನಡ ಬರೆಯಲು ಕಲಿತವರಲ್ಲಿ ನಮ್ಮ ಮನೆಯಲ್ಲಿ ನಾವೇ ಮೊದಲಿಗರು. ನನಗೆ ಲ, ಳ ಈಗಲೂ ತೊಡಕು. ಕೇಳಿದರೆ ಗೊತ್ತಾಗುತ್ತೆ, ಬರೆಯುವಾಗ ಕೈ ಲ ಕಡೆಗೇ ಹೋಗುತ್ತೆ.

ಕಾಲೇಜ್ ಗ್ರೂಪಿನಲ್ಲಿ ಒಬ್ಬ ನನ್ನ ಪ್ರತಿ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದು, ತಪ್ಪಿಗೆ ಕೆಂಪು ಸುತ್ತು ಹಾಕಿ ಮತ್ತೆ ಗ್ರೂಪಿಗೇ ಹಾಕುತ್ತಿದ್ದ. ನನಗೆ ಸಾಕಾಯ್ತು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯೋಕೆ ಶುರು ಮಾಡಿದೆ. ಅದರಲ್ಲಿ ಲ, ಳ ಎರಡಕ್ಕೂ ಒಂದೇ ಅಕ್ಷರ, ಯಾರೂ ಕೇಳಲ್ಲ. ನನ್ನ ಹಾಗೆ ಲಿಪಿಯನ್ನೇ ಬಿಟ್ಟ ಗೆಳೆಯರು ಬಹಳ ಜನ ಇದ್ದಾರೆ. ಇದು ಯಾರಿಗೆ ಲಾಭ ಹೇಳಿ?

ಮತ್ತೆ ಕನ್ನಡ ಅಕ್ಷರಕ್ಕೆ ಬಂದದ್ದು ಒಬ್ಬ ಅಕ್ಕನಿಂದ. ಅವರು ಗ್ರೂಪಿನಲ್ಲಿ ನನ್ನ ಮಾತಿಗೆ ಮಾತ್ರ ಉತ್ತರ ಕೊಟ್ಟರು. ಆಮೇಲೆ ಬೇರೆಯಾಗಿ ಒಂದೇ ಸಾಲು ಕಳಿಸಿದರು: ‘ಚಲೋ ಬರ್ದೀ ತಮ್ಮಾ. ಹಳ್ಳಿ, ಮಳೆ, ಬೆಳೆ, ಇವಕ್ಕ ಳ ಹಾಕು.’ ಆ ಮೂರು ಪದ ನಾನು ಇನ್ನು ಮರೆಯಲ್ಲ. ತಿದ್ದಿ ಅಣ್ಣಾ, ಬೇಡ ಅನ್ನಲ್ಲ. ನಾಲ್ಕು ಜನರ ಮುಂದೆ ತಿದ್ದಬೇಡಿ.

ಉತ್ತರ
ಸಂಡೂರು ರಸ್ತೆ

ನನ್ನದು ಚಿಕ್ಕ ಮಾತು. ಅದಿರು ಲಾರಿಗಳಿಂದ ಮನೆಯೊಳಗೆ ಕೆಂಪು ಧೂಳು ತುಂಬುತ್ತೆ ಅಂತ ಬಳ್ಳಾರಿಯ ಒಂದು ಪೇಜಿನಲ್ಲಿ ಬರೆದಿದ್ದೆ. ಬಂದ ಮೊದಲ ಉತ್ತರ, ‘ಧೂಳು ಅಲ್ಲ ದೂಳು, ಮೊದಲು ಕನ್ನಡ ಕಲಿ’. ಪತ್ರಿಕೆ, ಪುಸ್ತಕಗಳಲ್ಲಿ ಎರಡೂ ರೂಪ ಇವೆ. ಅಲ್ಲಿಂದ ಮುಂದೆ ಚರ್ಚೆಯೆಲ್ಲಾ ದ, ಧ ಮೇಲೆ. ಲಾರಿ ವಿಷಯ ಯಾರೂ ಎತ್ತಲಿಲ್ಲ. ಹೇಳಿದ ವಿಷಯಕ್ಕೆ ಉತ್ತರ ಇಲ್ಲದವರು ಕಾಗುಣಿತ ಹಿಡಿದು ಜಗ್ಗುತ್ತಾರೆ. ನನಗೆ ತಪ್ಪು ಕಾಗುಣಿತಕ್ಕಿಂತ ಇದರದ್ದೇ ಕಿರಿಕಿರಿ ಜಾಸ್ತಿ.

ಉತ್ತರ
ಸಿರುಗುಪ್ಪ ಆಶಾ ಕಾರ್ಯಕರ್ತೆ

ನೀವೆಲ್ಲಾ ಅಕ್ಷರದ ತಪ್ಪಿನ ಬಗ್ಗೆ ಬರೆದಿದ್ದೀರಿ. ಒಂದೂ ಅಕ್ಷರ ತಪ್ಪಿಲ್ಲದೆ ಎಡವಟ್ಟಾದ ಸಂಗತಿ ನಾನು ಹೇಳುತ್ತೇನೆ.

ಸಕ್ಕರೆ ಕಾಯಿಲೆ ಕ್ಯಾಂಪ್ ಇತ್ತು. ರಕ್ತ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು, ಈಗ ನುಂಗುತ್ತಿರುವ ಗುಳಿಗೆಗಳನ್ನು ಡಾಕ್ಟರಿಗೆ ತೋರಿಸಲು ತರಬೇಕು. ಕ್ಯಾಂಪಿನವರು ಊರಿನ ಗ್ರೂಪಿಗೆ ಹಾಕಿದ ಮೆಸೇಜ್ ಹೀಗಿತ್ತು: ‘ಖಾಲಿ ಹೊಟ್ಟೆಯಲ್ಲಿ ಗುಳಿಗೆ ತಗೊಂಡು ಬನ್ನಿ.’ ಕಾಗುಣಿತ ಸರಿ, ವ್ಯಾಕರಣ ಸರಿ. ಕೆಲವರು ಗುಳಿಗೆ ಕೈಯಲ್ಲಿ ಹಿಡಿದು ಬಂದರು. ಕೆಲವರು ಗುಳಿಗೆ ನುಂಗಿ ಬಂದರು. ನಮ್ಮ ಮಾತಿನಲ್ಲಿ ‘ತಗೊಂಡು’ ಎರಡಕ್ಕೂ ಆಗುತ್ತೆ ಅಲ್ವಾ? ಕೆಲವು ಸಕ್ಕರೆ ಗುಳಿಗೆ ನುಂಗಿ ಊಟ ಮಾಡದೇ ಇದ್ದರೆ ರಕ್ತದಲ್ಲಿ ಸಕ್ಕರೆ ಇಳಿಯುತ್ತೆ. ಬೆವರು ಬರುತ್ತೆ, ಕೈ ನಡುಗುತ್ತೆ, ಹಾಗೇ ಬಿಟ್ಟರೆ ಎಚ್ಚರ ತಪ್ಪಬಹುದು. ಒಬ್ಬ ಅಜ್ಜ ಸಾಲಿನಲ್ಲೇ ಬೆವತು ಕುಸಿದು ಕುಳಿತರು. ಮೈಮೇಲೆ ಎಚ್ಚರ ಇತ್ತು. ಕೂಡಲೇ ಸಕ್ಕರೆ ನೀರು ಕುಡಿಸಿದೆವು, ಸುಧಾರಿಸಿಕೊಂಡರು.

ಅದಕ್ಕೇ ನನಗೆ ಮಹಾಪ್ರಾಣ ಬಿಟ್ಟುಹೋದರೆ ಬೇಜಾರಿಲ್ಲ. ಯಾವತ್ತು, ಎಷ್ಟು ಗಂಟೆಗೆ, ಎಲ್ಲಿ, ಏನು ಮಾಡಬೇಕು, ಏನು ಮಾಡಬಾರದು, ಇಷ್ಟು ಸ್ಪಷ್ಟ ಇರಬೇಕು. ಒಂದು ಮಾತಿಗೆ ಒಂದು ಸಾಲು, ಕೊನೆಗೆ ಚುಕ್ಕಿ. ನಾನು ಈಗ ‘ಗುಳಿಗೆ ನುಂಗಬೇಡಿ. ಗುಳಿಗೆ ಕೈಯಲ್ಲಿ ತನ್ನಿ.’ ಅಂತ ಎರಡು ಸಾಲು ಮಾಡಿ ಬರೆಯುತ್ತೇನೆ. ಓದಲು ಬಾರದವರಿಗೆ ಅದನ್ನೇ ವಾಯ್ಸ್ ಮೆಸೇಜ್ ಕಳಿಸುತ್ತೇನೆ. ನಿಮ್ಮ ದೊಡ್ಡಮ್ಮನ ಮೆಸೇಜ್ ನೋಡಿ. ಏನಾಗಿದೆ, ಏನು ಮಾಡಬೇಕು, ಎರಡೂ ಅದರಲ್ಲಿವೆ. ನಮ್ಮ ಕ್ಯಾಂಪಿನವರಿಗಿಂತ ಅವರೇ ಚೆನ್ನಾಗಿ ಬರೆದಿದ್ದಾರೆ.

ಉತ್ತರ
ಗಂಗಾವತಿ ಡಿಟಿಪಿ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಧನ್ಯವಾದ. ಗುರುಗಳೇ, ನೀವು ಬರೆದದ್ದರಲ್ಲಿ ‘ನೀರು ಕಾದಾವ’ ಭಾಗವನ್ನು ಆ ಬೆಂಗಳೂರಿನ ಹುಡುಗನಿಗೆ ಕಳಿಸಿದೆ. ಕಿಲ್ಲಾ ತಮ್ಮ ಹೇಳಿದ ಹಾಗೆ ಗ್ರೂಪಿನಲ್ಲಿ ಹಾಕಲಿಲ್ಲ, ಬೇರೆಯಾಗಿಯೇ ಕಳಿಸಿದೆ. ‘ನಮ್ಮವ್ವನೂ ಹಂಗ ಅಂತಾಳ, ನಾ ವಿಚಾರ ಮಾಡಿರಲಿಲ್ಲ’ ಅಂತ ಉತ್ತರ ಬಂತು. ದೊಡ್ಡಮ್ಮನ ಹತ್ತಿರ ತಾನೇ ಫೋನಿನಲ್ಲಿ ಮಾತಾಡುತ್ತೇನೆ ಅಂದಿದ್ದಾನೆ.

ಕಿಲ್ಲಾ ತಮ್ಮನಿಗೆ ನಮ್ಮ ಕಸುಬಿನ ಒಂದು ಮಾತು. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವ ‘ನುಡಿ’ ಕೀಲಿಮಣೆಯಲ್ಲಿ ಲ ಮತ್ತು ಳ ಒಂದೇ ಕೀಲಿಯಲ್ಲಿವೆ. ಶಿಫ್ಟ್ ಒತ್ತಿದರೆ ಳ. ದ, ಧ ಕೂಡ ಹಾಗೇ. ಶಿಫ್ಟ್ ಒತ್ತಿದ್ದು ಸರಿಯಾಗಿ ತಾಗದಿದ್ದರೆ ಓದಿದವರ ಬರಹದಲ್ಲೂ ಧನ ಹೋಗಿ ದನ ಆಗುತ್ತೆ. ಹೀಗಾಗಿ ಬರಹ ನೋಡಿ ಇವನಿಗೆ ಕನ್ನಡ ಬರಲ್ಲ ಅಂತ ತೀರ್ಮಾನ ಮಾಡೋಕೆ ಆಗಲ್ಲ. ಮೊಬೈಲಿನಲ್ಲಿ ಗೂಗಲ್‌ನ ಕೀಬೋರ್ಡ್ ಜಿಬೋರ್ಡ್ ಇದ್ದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಡಿಕ್ಷನರಿ ಅಂತ ಇದೆ. ಅಲ್ಲಿ ಕನ್ನಡ ಆರಿಸಿ, ಪದೇಪದೇ ತೊಡಕಾಗುವ ಪದಗಳನ್ನು ಸರಿಯಾಗಿ ಸೇರಿಸಿ ಇಡು. ಬರೆಯುವಾಗ ಮೇಲಿನ ಸಾಲಿನಲ್ಲಿ ಅದೇ ಪದ ತೋರಿಸುತ್ತೆ, ಒತ್ತಿದರೆ ಆಯ್ತು.

ಆಶಾ ಅಕ್ಕಾರ, ‘ತಗೊಂಡು ಬನ್ನಿ’ ಓದಿ ಎದೆ ಧಸಕ್ಕಂತು. ನನ್ನ ಕೈಗೆ ಬಂದಿದ್ದರೂ ಅಕ್ಷರ ಸರಿ ಇದೆ ಅಂತ ನೋಡಿ ಪ್ರಿಂಟ್ ಹೊಡೆಯುತ್ತಿದ್ದೆ ಅನಿಸುತ್ತೆ. ಕ್ಯಾಂಪಿನ ಮೆಸೇಜ್ ಊರಿಗೆ ಹಾಕುವ ಮುಂಚೆ ನನಗೊಮ್ಮೆ ಕಳಿಸಿ. ಎರಡು ಅರ್ಥ ಬರುತ್ತಾ ಅಂತಲೇ ಓದಿ, ದಪ್ಪ ಅಕ್ಷರದಲ್ಲಿ ಒಂದು ಚಿತ್ರ ಮಾಡಿ ವಾಪಸ್ ಕಳಿಸುತ್ತೇನೆ. ದುಡ್ಡು ಬೇಡ.

ಉತ್ತರ
ಸಿರುಗುಪ್ಪ ಆಶಾ ಕಾರ್ಯಕರ್ತೆ

ಕಳಿಸುತ್ತೇನೆ ಅಣ್ಣಾರ. ಮುಂದಿನ ಲಸಿಕೆ ದಿನದ ಮೆಸೇಜ್ ಬರೆಯುತ್ತಿದ್ದೇನೆ. ಅದರಲ್ಲಿ ‘ಮಕ್ಕಳ ಕಾರ್ಡು ತಪ್ಪದೆ ತನ್ನಿ’ ಅಂತ ಇದೆ. ಇದಕ್ಕೆ ಕಾರ್ಡು ಮಾತ್ರ ಕಳಿಸಿದರೆ ಸಾಕು ಅಂತ ಯಾರಾದರೂ ತಿಳಿದಾರಾ, ನೋಡಿ ಹೇಳಿ.