ಹಳೆ ಬುಲೆಟ್‌ಗೆ ಹೊಸ ಟೈರ್: ನಮ್ಮ ಬಿಸಿಲು, ನಮ್ಮ ಜಾಲಿಮುಳ್ಳು ನೋಡಿ ಆರಿಸಿ

ಗಂಗಾವತಿಯಿಂದ ಒಬ್ಬರು ಕೇಳಿದ್ದಾರೆ: "ಅಪ್ಪನ 1979ರ ಬುಲೆಟ್ 350 ಬಹಳ ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಈಗ ಎಂಜಿನ್ ಕೆಲಸ ಮುಗಿದಿದೆ. ಟೈರಿನ ಬಟನ್ ಇನ್ನೂ ಚೆನ್ನಾಗಿದೆ, ಆದರೂ ಬದಲಿಸಬೇಕಾ? ಹಿಂದೆ ಅಗಲದ ಟೈರ್ ಹಾಕಿಸು ಅಂತ ಎಲ್ಲರೂ ಹೇಳ್ತಿದ್ದಾರೆ. ಟ್ಯೂಬ್‌ಲೆಸ್ ಆಗುತ್ತಾ? ಅಣ್ಣಂದಿರೇ, ಓಡಿಸಿದವರು ಹೇಳಿ."

ನಾನು ಬಳ್ಳಾರಿಯವನು, ಓಡಿಸೋದು ಹಳೆ ಕಾಸ್ಟ್ ಐರನ್ (ಎರಕದ ಕಬ್ಬಿಣದ) ಎಂಜಿನ್ನಿನ ಬುಲೆಟ್. ಸಿಂಧನೂರು, ಕುಷ್ಟಗಿ, ರಾಯಚೂರಿನಲ್ಲಿ ಇದೇ ಹುಚ್ಚಿನ ಗೆಳೆಯರಿದ್ದಾರೆ. ಅವರು ಕಂಡದ್ದನ್ನೂ ಸೇರಿಸಿ ಹೇಳುತ್ತೇನೆ.

ಮೊದಲ ಪ್ರಶ್ನೆಗೆ ಉತ್ತರ: ಬದಲಿಸಿ. ಬಟನ್, ಅಂದರೆ ರಸ್ತೆ ಹಿಡಿಯುವ ಉಬ್ಬುಗಳು, ಎಷ್ಟೇ ಚೆನ್ನಾಗಿರಲಿ, ಬದಲಿಸಿ. ಟೈರ್ ಓಡಿದರೆ ಮಾತ್ರ ಹಾಳಾಗುತ್ತೆ ಅಂತ ನಮ್ಮಲ್ಲಿ ತುಂಬ ಜನ ನಂಬಿದ್ದಾರೆ. ನಿಂತರೂ ಹಾಳಾಗುತ್ತೆ. ಗಾಳಿಯಲ್ಲಿರುವ ಆಮ್ಲಜನಕ, ಓಝೋನ್, ಬಿಸಿಲು ಎಲ್ಲ ಸೇರಿ ರಬ್ಬರನ್ನು ಗಟ್ಟಿ ಮಾಡುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ, ತಗಡಿನ ಶೆಡ್ಡಿನೊಳಗೆ, ಇದು ಇನ್ನೂ ಬೇಗ ಆಗುತ್ತೆ. ಟೈರಿನ ಪಕ್ಕವನ್ನು ಹೆಬ್ಬೆರಳಿನಿಂದ ಒತ್ತಿ ಬಾಗಿಸಿ ನೋಡಿ, ಸಣ್ಣ ಸಣ್ಣ ಬಿರುಕು ಕಾಣುತ್ತವೆ. ಇನ್ನೊಂದು ವಿಷಯ, ಹಳೆ ಟೈರುಗಳಲ್ಲಿ ನೈಲಾನ್ ದಾರದ ಪದರ ಇರುತ್ತೆ, ಗಾಡಿ ಒಂದೇ ಕಡೆ ಭಾರ ಬಿಟ್ಟು ನಿಂತರೆ ನೆಲಕ್ಕೆ ತಾಗಿದ ಜಾಗ ಚಪ್ಪಟೆ ಆಗುತ್ತೆ. ಕೆಲವು ದಿನದ್ದಾದರೆ ಸ್ವಲ್ಪ ದೂರ ಓಡಿ ಬಿಸಿಯಾದ ಮೇಲೆ ಸರಿಹೋಗುತ್ತೆ. ವರ್ಷಗಟ್ಟಲೆಯದು ಹೋಗಲ್ಲ, ಹ್ಯಾಂಡಲ್ ದಡದಡ ಅಂತಾನೇ ಇರುತ್ತೆ.

ಟೈರಿನ ವಯಸ್ಸು ಅದರ ಪಕ್ಕದಲ್ಲೇ ಬರೆದಿರುತ್ತೆ. ಒಂದು ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ ಹುಡುಕಿ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಅದರ ಮೇಲೆ ಊರೊಳಗೂ ಓಡಿಸಬೇಡಿ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಸರಿಯಾಗಿ ಪರೀಕ್ಷೆ ಮಾಡಿಸಬೇಕು, ಹತ್ತು ವರ್ಷ ಆದರೆ ನೋಡಲು ಎಷ್ಟೇ ಚೆನ್ನಾಗಿದ್ದರೂ ತೆಗೆಯಬೇಕು. ಹೊಸದು ಕೊಳ್ಳುವಾಗಲೂ ಮೊದಲು ಈ ಅಂಕಿ ನೋಡಿ, ಆಮೇಲೆ ಬೆಲೆ ಕೇಳಿ. ರಾಯಚೂರಿನ ಗೆಳೆಯರಿಗೆ ಒಂದು ಅಂಗಡಿಯಲ್ಲಿ ಹೊಸದು ಅಂತ ಕೊಟ್ಟ ಟೈರ್ ಆರು ವರ್ಷ ಹಳೆಯದಾಗಿತ್ತು, ಅದೂ ಅಂಗಡಿ ಮುಂದೆ ಬಿಸಿಲಲ್ಲಿ ನೇತುಹಾಕಿದ್ದು. ಹಳೆ ಅಳತೆಯ ಟೈರ್ ಬೇಗ ಖರ್ಚಾಗಲ್ಲ, ಹಾಗಾಗಿ ಹೀಗಾಗುವ ಸಂಭವ ಜಾಸ್ತಿ. ಒಳಗೆ ಗೋದಾಮಿನಲ್ಲಿರೋದನ್ನು ತೆಗೆಸಿ ನೋಡಿ, ನಾಚಿಕೆ ಬೇಡ.

ಈಗ ಅಳತೆ. ನಿಮ್ಮ ಬುಲೆಟ್‌ಗೆ ಮುಂದೆ, ಹಿಂದೆ ಎರಡಕ್ಕೂ 3.25-19. ಅಗಲ ಮೂರೂಕಾಲು ಇಂಚು, ರಿಮ್ 19 ಇಂಚು. ಒಳ್ಳೆ ಸುದ್ದಿ ಏನಂದ್ರೆ ಇದು ಸಿಗದ ಅಳತೆಯಲ್ಲ. ಎಂಜಿನ್, ಗೇರ್‌ಬಾಕ್ಸ್ ಒಂದೇ ಪೆಟ್ಟಿಗೆಯಲ್ಲಿರುವ ಯುಸಿಇ ಎಂಜಿನ್ ಬಂದ ಮೇಲೂ ಬುಲೆಟ್ 350ಗೆ ಕಂಪನಿ ಇದನ್ನೇ ಎರಡೂ ಕಡೆ ಹಾಕಿ ಕೊಡುತ್ತಿತ್ತು, ಹಾಗಾಗಿ ನಮ್ಮ ದೇಶದ ಕಂಪನಿಗಳೇ ಮಾಡುತ್ತವೆ. ಹಳೆ ಜಾವಾ ಇಟ್ಟುಕೊಂಡವರಿಗೆ ಈ ಸುಖ ಇಲ್ಲ, ಅದರ 16 ಇಂಚಿನ ಟೈರಿಗೆ ಮುಂಚೆಯೇ ಹೇಳಿಟ್ಟು ತರಿಸಬೇಕಾಗುತ್ತೆ.

3.25-19 ಸಿಗಲೇ ಇಲ್ಲ ಅಂದರೆ ಮುಂದಿನ ಚಕ್ರಕ್ಕೆ 90/90-19 (ಅಗಲ 90 ಮಿ.ಮೀ., ಪಕ್ಕದ ಎತ್ತರ ಅದರ ನೂರಕ್ಕೆ 90, ರಿಮ್ 19 ಇಂಚು) ಆಗುತ್ತೆ. ಇದು ಹೊಸ ಮಾದರಿ ಬರುವ ಮೊದಲಿನ ಕ್ಲಾಸಿಕ್ 350ರ ಮುಂದಿನ ಟೈರ್ ಅಳತೆ. ಲೆಕ್ಕ ಹಾಕಿ ನೋಡಿದರೆ ಎರಡರ ಒಟ್ಟು ಎತ್ತರ ಹೆಚ್ಚುಕಮ್ಮಿ ಒಂದೇ, 645 ಮಿ.ಮೀ. ಆಸುಪಾಸು. ಆದರೆ ಮುಂದಿನ ಚಕ್ರಕ್ಕೆ ಅಂತ ಮಾಡಿದ ಟೈರನ್ನು ಹಿಂದೆ ಹಾಕಬೇಡಿ.

ಇನ್ನು ಆ ಅಗಲದ ಟೈರಿನ ಮಾತು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದರೆ ನಮ್ಮಲ್ಲಿ ಹಳೆ ಬುಲೆಟ್‌ಗಳು ಕೆಡೋದು ಇಲ್ಲೇ. ದಪ್ಪ ಟೈರ್ ಹಾಕಿದರೆ ರಸ್ತೆಗೆ ಹೆಚ್ಚು ಅಂಟಿಕೊಳ್ಳುತ್ತೆ ಅಂತ ಅನ್ನಿಸುತ್ತೆ, ನೋಡಲು ಗಾಡಿ ಗಟ್ಟಿಮುಟ್ಟಾಗಿ ಕಾಣುತ್ತೆ, ಅದೂ ನಿಜ. ಆದರೆ ಹಳೆ ಬುಲೆಟ್ ರಿಮ್ ಕಿರಿದು. ಅದರ ಮೇಲೆ ಸಾಮಾನ್ಯವಾಗಿ ಡಬ್ಲ್ಯೂಎಂ2 ಅಂತ ಗುರುತು ಇರುತ್ತೆ, ಅಂದರೆ ಒಳ ಅಗಲ 1.85 ಇಂಚು. ಅಷ್ಟು ಕಿರಿದಾದ ರಿಮ್ಮಿಗೆ ನಾಲ್ಕು ಇಂಚಿನ ಟೈರ್ ತುರುಕಿದರೆ ಎರಡೂ ಅಂಚು ಒಳಗೆ ಎಳೆದುಕೊಂಡು ಟೈರಿನ ನಡು ಮೇಲಕ್ಕೆ ಉಬ್ಬುತ್ತೆ. ಆಗ ನೇರ ಹೋಗುವಾಗ ರಸ್ತೆ ಮುಟ್ಟುವ ಜಾಗ ಕಡಿಮೆಯೇ ಆಗುತ್ತೆ, ನಡು ಬೇಗ ಸವೆಯುತ್ತೆ, ತಿರುವಿನಲ್ಲಿ ಗಾಡಿ ಒಮ್ಮೆಲೇ ವಾಲಿದ ಹಾಗೆ ಅನ್ನಿಸುತ್ತೆ. ಎರಡನೆಯದು ಜಾಗದ ಪ್ರಶ್ನೆ. ಸಿಂಧನೂರಿನ ಗೆಳೆಯ ಕಾಲುವೆ ಕೆಳಗಿನ ಗದ್ದೆಗೆ ದಿನಾ ಹೋಗುವವನು. ಹಿಂದೆ ಅಗಲದ್ದು ಹಾಕಿಸಿದ್ದ. ಬೇಸಿಗೆಯೆಲ್ಲ ಏನೂ ಆಗಲಿಲ್ಲ. ಮೊದಲ ಮಳೆಗೆ ಎರೆ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಚಕ್ರ ತಿರುಗೋದೇ ನಿಂತಿತು, ಕಡ್ಡಿ ತಗೊಂಡು ಮಣ್ಣು ಕೆದಕಿ ಗಾಡಿಯನ್ನು ತಳ್ಳಿಕೊಂಡು ಬಂದ. ಎರೆ ಹೊಲದ ದಾರಿ ಇರುವವರು ಇದನ್ನು ಮರೆಯಬಾರದು. ಟೈರ್ ಸುತ್ತ ಕನಿಷ್ಠ ಒಂದು ಬೆರಳು ಸಲೀಸಾಗಿ ಆಡಬೇಕು. ಚೈನ್ ಕವರ್ ಕಡೆ ಕೂಡ ನೋಡಿ.

ತೀರಾ ಬೇಕೆಂದರೆ ಹಿಂದೆ 3.50-19 ತನಕ ಹೋಗಬಹುದು, ಹಳೆ ಬುಲೆಟ್ 500ರ ಹಿಂದಿನ ಚಕ್ರಕ್ಕೆ ಅದೇ ಇತ್ತು. ರಿಮ್ ಗುರುತು ಮತ್ತು ಜಾಗ ಎರಡನ್ನೂ ನೋಡಿಕೊಂಡು ಮಾತ್ರ. ಅದಕ್ಕಿಂತ ದಪ್ಪ ಬೇಡ. ರಿಮ್ಮನ್ನೇ 18 ಇಂಚಿಗೆ ಬದಲಿಸಿ ಅಗಲದ್ದು ಹಾಕಿಸೋಣ ಅನ್ನುವ ಮೆಕ್ಯಾನಿಕ್ ಸಿಕ್ಕರೂ ಬೇಡ. ಅಪ್ಪನ ಗಾಡಿ, ಅದು ಹುಟ್ಟಿದ ಹಾಗೆ ಇರಲಿ.

ಟ್ಯೂಬ್‌ಲೆಸ್ ಕೇಳಿದಿರಿ. ಹಳೆ ಬುಲೆಟ್‌ನ ಕಡ್ಡಿ (ಸ್ಪೋಕ್) ಚಕ್ರಕ್ಕೆ ಟ್ಯೂಬ್ ಬೇಕೇ ಬೇಕು, ಪ್ರತಿ ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ ತೂತಿನಿಂದ ಗಾಳಿ ಹೊರಗೆ ಹೋಗುತ್ತೆ. ಟ್ಯೂಬ್‌ಲೆಸ್ ಅಂತ ಬರೆದ ಟೈರೊಳಗೆ ಸರಿಯಾದ ಅಳತೆಯ ಟ್ಯೂಬ್ ಹಾಕಿ ಓಡಿಸಬಹುದು, ಅದರಿಂದ ತೊಂದರೆ ಇಲ್ಲ, ಆದರೆ ಟ್ಯೂಬ್‌ಲೆಸ್‌ನ ಲಾಭವೂ ಸಿಗಲ್ಲ. ಮುಳ್ಳು ಚುಚ್ಚಿದರೆ ಗಾಳಿ ಹೋಗೇ ಹೋಗುತ್ತೆ.

ಅಳತೆ ಆದ ಮೇಲೆ ಭಾರದ ಅಂಕಿ ನೋಡಿ. ಅಳತೆಯ ಪಕ್ಕದಲ್ಲಿ 54ಪಿ ತರಹ ಇರುತ್ತೆ. 54 ಅಂದರೆ ಆ ಒಂದು ಟೈರ್ 212 ಕಿಲೋ ಹೊರುತ್ತೆ, 52 ಅಂದರೆ 200 ಕಿಲೋ. ಪಿ ಅಂದರೆ ಗಂಟೆಗೆ 150 ಕಿ.ಮೀ. ವೇಗದವರೆಗೆ. ವೇಗದ ಅಕ್ಷರದ ಬಗ್ಗೆ ಹಳೆ ಬುಲೆಟ್‌ನವರು ತಲೆ ಕೆಡಿಸಿಕೊಳ್ಳೋದು ಬೇಡ, ಭಾರದ ಬಗ್ಗೆ ಕೆಡಿಸಿಕೊಳ್ಳಿ. ಇಬ್ಬರು ಕೂತು, ಹಿಂದೆ ಚೀಲ ಕಟ್ಟಿ ಹೊರಟರೆ ಹೆಚ್ಚು ಭಾರ ಬೀಳೋದು ಹಿಂದಿನ ಟೈರ್ ಮೇಲೆ. ಹಿಂದಕ್ಕೆ ಗಟ್ಟಿಯಾದದ್ದು ಇರಲಿ. ಐಎಸ್‌ಐ ಗುರುತು ಇರಲೇಬೇಕು. ರೀಸೋಲ್ ಮಾಡಿದ ಟೈರ್ ಲಾರಿಗೆ ಸರಿ, ಎರಡು ಚಕ್ರದ ಗಾಡಿಗೆ ಬೇಡವೇ ಬೇಡ.

ಡಿಸೈನ್ ವಿಷಯಕ್ಕೆ ಬಂದರೆ, ಮುಂದೆ ಉದ್ದುದ್ದ ಗೆರೆಯ ರಿಬ್ ಟೈರ್, ಹಿಂದೆ ಬಟನ್ ಟೈರ್. ಇದು ಹಳೆ ಜೋಡಿ, ಇವತ್ತಿಗೂ ನಡೆಯುತ್ತೆ. ಡಾಂಬರು ರಸ್ತೆಯಲ್ಲಿ ಮುಂದಿನ ಚಕ್ರ ನೇರ ಹೋಗುತ್ತೆ, ಹ್ಯಾಂಡಲ್ ಹಗುರ ಇರುತ್ತೆ. ಆದರೆ ಸಂಡೂರು, ತೋರಣಗಲ್ಲು ಕಡೆ ಅದಿರಿನ ಲಾರಿ ಓಡುವ ರಸ್ತೆಯಲ್ಲಿ ತಿರುವುಗಳಲ್ಲಿ ಕೆಂಪು ಪುಡಿ ಚೆಲ್ಲಿರುತ್ತೆ, ಅಲ್ಲಿ ರಿಬ್ ಟೈರ್ ಪಕ್ಕಕ್ಕೆ ಜಾರುತ್ತೆ. ಆ ದಾರಿ ದಿನಾ ಇರುವವರು ಎರಡೂ ಕಡೆ ಬಟನ್ ಇರುವುದನ್ನೇ ಹಾಕಿಸಿ. ಹೊರದೇಶದ ಡನ್‌ಲಪ್ ಕೆ70 ತರಹದ ಟೈರ್ ಹಳೆ ಗಾಡಿಗೆ ತುಂಬ ಚೆಂದ ಕಾಣುತ್ತೆ, ಪ್ರದರ್ಶನಕ್ಕೆ ಒಯ್ಯುವವರು ಹಾಕಲಿ. ದಿನಾ ಓಡಿಸುವವರಿಗೆ ಅಷ್ಟು ದುಡ್ಡು ಬೇಕಿಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಈ ಮೂರೂ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳೋದು ಸುಮಾರು 600 ಮಿ.ಮೀ. ಮಳೆ. ನೀರಿಗಿಂತ ಬಿಸಿಲು, ಮುಳ್ಳು, ಕಲ್ಲು ತಡೆಯುವ ಟೈರ್ ನಮಗೆ ಬೇಕು. ಎಂಆರ್‌ಎಫ್, ಸಿಯಟ್ ಯಾವುದಾದರೂ ಸರಿ, ಯಾವುದು ಹೊಸ ತಾರೀಖಿನದು ಸಿಗುತ್ತೋ ಅದು.

ಮುಳ್ಳಿನ ಮಾತು ಬಂತು. ಬಳ್ಳಾರಿ ಜಾಲಿ ಇಲ್ಲದ ರಸ್ತೆಬದಿ ಇಲ್ಲಿ ಎಲ್ಲಿದೆ? ಟೈರ್ ಜೊತೆಗೆ ಟ್ಯೂಬೂ ಹೊಸದು ಹಾಕಿಸಿ, ದಪ್ಪನೆಯದು. ಹಳೆ ಟ್ಯೂಬ್ ಹಿಗ್ಗಿರುತ್ತೆ, ಹೊಸ ಟೈರೊಳಗೆ ಮಡಿಕೆ ಬಿದ್ದು ಅಲ್ಲೇ ಒಡೆಯುತ್ತೆ. ಪಂಕ್ಚರ್ ಆದಾಗ ತೇಪೆ ಹಾಕಿಸಿದರೆ ಸಾಲದು, ಟೈರಿನ ಒಳಗೆ ಒಂದು ಬಟ್ಟೆ ಆಡಿಸಿ. ಮುರಿದ ಮುಳ್ಳಿನ ತುದಿ ಅಲ್ಲೇ ಉಳಿದಿದ್ದರೆ ಬಟ್ಟೆಗೆ ಸಿಕ್ಕಿಹಾಕಿಕೊಳ್ಳುತ್ತೆ. ಕುಷ್ಟಗಿಯ ಗೆಳೆಯರು ದೂರ ಹೋಗುವಾಗ ಒಂದು ಟ್ಯೂಬ್, ಎರಡು ಟೈರ್ ಲಿವರ್, ಸಣ್ಣ ಪಂಪ್ ಇಲ್ಲದೆ ಹೊರಡಲ್ಲ. ನೋಡಿ ನಾನೂ ಕಲಿತೆ.

ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ. ಹಳೆ ಟೈರ್ ತೆಗೆದ ಮೇಲೆ ರಿಮ್ ಒಳಗೆ ತುಕ್ಕು ಇದ್ದೇ ಇರುತ್ತೆ. ಉಪ್ಪುಕಾಗದದಿಂದ ತಿಕ್ಕಿಸಿ ಬಣ್ಣ ಹೊಡೆಸಿ, ಉದ್ದ ಬಂದ ಕಡ್ಡಿ ತುದಿ ಅರದಿಂದ ಉಜ್ಜಿಸಿ, ಹೊಸ ರಿಮ್ ಟೇಪ್ ಹಾಕಿಸಿ. ಸಡಿಲ ಕಡ್ಡಿ ಬಿಗಿ ಮಾಡಿಸಿ ರಿಮ್ಮಿನ ಬೆಂಡ್ ತೆಗೆಸೋದೂ ಆಗಲೇ ಆಗಬೇಕು. ಟೈರ್ ಅಂಚಿಗೆ ಸೋಪಿನ ನೀರು ಹಚ್ಚಲಿ, ಗ್ರೀಸ್, ಎಣ್ಣೆ ಬೇಡ, ಅವು ರಬ್ಬರ್ ತಿನ್ನುತ್ತವೆ. ಬಾಣದ ಗುರುತು ಚಕ್ರ ತಿರುಗುವ ಕಡೆಗಿರಲಿ. ಕೆಲವು ಟೈರಿನಲ್ಲಿ ಮುಂದಿನ ಚಕ್ರಕ್ಕೆ ಒಂದು ಬಾಣ, ಹಿಂದಿನ ಚಕ್ರಕ್ಕೆ ಇನ್ನೊಂದು ಇರುತ್ತೆ. ಚಕ್ರ ವಾಪಸ್ ಕೂರಿಸಿದ ಮೇಲೆ ಬ್ರೇಕ್ ಪ್ಲೇಟ್ ಹಿಡಿಯುವ ನಟ್ಟು ಬಿಗಿ ಇದೆಯಾ ಅಂತ ನಿಮ್ಮ ಕೈಯಿಂದಲೇ ನೋಡಿ. ಅದು ಸಡಿಲ ಇದ್ದರೆ ಬ್ರೇಕ್ ಒತ್ತಿದಾಗ ಚಕ್ರವೇ ಕಚ್ಚಿಕೊಳ್ಳಬಹುದು.

ಗಾಳಿ (ಪಿಎಸ್‌ಐ, ಅಂದರೆ ಗಾಳಿ ಒತ್ತಡದ ಅಳತೆಯಲ್ಲಿ): ಮುಂದೆ 18ರಿಂದ 20, ಹಿಂದೆ ಒಬ್ಬರೇ ಇದ್ದರೆ 28, ಇಬ್ಬರಿದ್ದರೆ 30ರಿಂದ 32. ಬೇಸಿಗೆ ಬಂತು, ಗಾಳಿ ಕಡಿಮೆ ಹಾಕು ಅಂತ ಪಂಕ್ಚರ್ ಅಂಗಡಿಯಲ್ಲಿ ಹೇಳುತ್ತಾರೆ. ಕೇಳಬೇಡಿ. ತಾಪ 10 ಡಿಗ್ರಿ ಏರಿದರೆ ಒತ್ತಡ ಏರೋದು ಒಂದೂವರೆ ಪಿಎಸ್‌ಐ ಆಸುಪಾಸು ಮಾತ್ರ, ಅಷ್ಟನ್ನು ಟೈರ್ ತಡೆಯುತ್ತೆ. ಗಾಳಿ ಕಡಿಮೆ ಇದ್ದರೆ ಟೈರಿನ ಪಕ್ಕ ಪ್ರತಿ ಸುತ್ತಿಗೂ ಬಾಗಿ ಬಾಗಿ ಬಿಸಿಯಾಗುತ್ತೆ, ಒಡೆಯೋದು ಆ ಬಿಸಿಗೆ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ನೋಡಿಕೊಳ್ಳಿ. ಹೊಸ ಟೈರ್ ಮೇಲ್ಮೈ ಜಾರುತ್ತೆ, ಮೊದಲ 150 ಕಿ.ಮೀ. ಜೋರಾಗಿ ವಾಲಿಸಬೇಡಿ, ಜೋರಾಗಿ ಬ್ರೇಕ್ ಹಾಕಬೇಡಿ.

ಅಂಗಡಿಗೆ ಹೋಗುವ ಮೊದಲು ಎರಡೂ ರಿಮ್ ಒರೆಸಿ, ಮೇಲೆ ಏನು ಬರೆದಿದೆ ಅಂತ ಓದಿ ಇಲ್ಲಿ ಹಾಕಿ. ಇಷ್ಟು ವರ್ಷದಲ್ಲಿ ಯಾರಾದರೂ ರಿಮ್ ಬದಲಿಸಿದ್ದರೆ ಮೇಲಿನ ಅಳತೆಯೆಲ್ಲ ಬದಲಾಗುತ್ತೆ, ಅದನ್ನು ನೋಡಿ ಮುಂದೆ ಹೇಳೋಣ.