ನಾಟಕ ಕಲಿಯೋಕೆ ಯೂನಿವರ್ಸಿಟಿಗೆ ಹೋಗಬೇಕಾ? ಓದಿದವರು ಹೇಳಿ

ಪ್ರಶ್ನೆ, ಕೊಪ್ಪಳದಿಂದ: ಬಿ.ಎ. ಕೊನೇ ವರ್ಷದಲ್ಲಿದ್ದೀನಿ. ನಾಟಕದಲ್ಲಿ ಸ್ನಾತಕೋತ್ತರ ಪದವಿ ಮಾಡೋ ಆಸೆ. ಅಪ್ಪ ಮಾತ್ರ, "ಊರಾಗ ದೊಡ್ಡಾಟ ಕಲಿಸ್ತಾರಲ್ಲವ್ವಾ, ಅದಕ್ಕ ಎರಡು ವರ್ಷ ಫೀಸ್ ಕಟ್ಟಬೇಕೇನು?" ಅಂತಾರೆ. ಏನು ಹೇಳಲಿ?

ಬಳ್ಳಾರಿಯಿಂದ: ತಂಗಿ, ನಾನೂ ದೊಡ್ಡಾಟದ ಮನೆಯವನೇ. ನಮ್ಮಜ್ಜ ಆಟದಲ್ಲಿ ಬಂದ ಪಾತ್ರಗಳನ್ನ ಮಾತಾಡಿಸೋ ಸಾರಥಿಯ ಪಾತ್ರ ಮಾಡ್ತಿದ್ದರು. ಮೈಕ್ ಇಲ್ಲದ ಕಾಲದ ರೂಢಿ, ಮಾತು ಅಗಸಿವರೆಗೂ ಕೇಳಬೇಕು. ಮೊದಲ ವಾರ ಕ್ಲಾಸಿನಲ್ಲಿ ನಾನೂ ಹಾಗೇ ಕೂಗಿದೆ. ಮೇಷ್ಟ್ರು ಬೈಯಲಿಲ್ಲ. ನೆಲದ ಮೇಲೆ ಅಂಗಾತ ಮಲಗಿಸಿ, ಹೊಟ್ಟೆ ಮೇಲೊಂದು ಪುಸ್ತಕ ಇಟ್ಟು, "ಪುಸ್ತಕ ಏಳೋ ಹಾಗೆ ಉಸಿರು ತಗೋ, ಅದು ಇಳಿಯೋವಾಗ ವಚನ ಹೇಳು" ಅಂದರು. ಹದಿನೈದು ದಿನ ಅದೇ ಕೆಲಸ. ಗಂಟಲು ಕಟ್ಟೋದು ನಿಂತಿತು. ದಸರಾ ರಜೆಗೆ ಹೋದಾಗ ಅಜ್ಜನ ಪಕ್ಕ ಕೂತು ನೋಡಿದೆ. ಪದ ಎತ್ತೋ ಮುಂಚೆ ಅವರ ಹೊಟ್ಟೆಯೂ ಹಾಗೇ ಉಬ್ಬುತ್ತಿತ್ತು! ಅವರಿಗೆ ವಿದ್ಯೆ ಗೊತ್ತಿತ್ತು, ಬಿಡಿಸಿ ಹೇಳೋಕೆ ಬರ್ತಿರಲಿಲ್ಲ. ನನಗೆ ಆ ಎರಡು ವರ್ಷದಲ್ಲಿ ಸಿಕ್ಕಿದ್ದು ಬಿಡಿಸಿ ನೋಡೋ ಕಣ್ಣು. ದೊಡ್ಡಾಟ ಬಿಟ್ಟು ಹೋಗ್ತಿಲ್ಲ ಅಂತ ಅಪ್ಪನಿಗೆ ಹೇಳಮ್ಮ. ಹೆಣ್ಣುಮಗಳು ಅನ್ನೋ ಅಳುಕಿದ್ದರೆ ನಾಟಕದ ನಟ ಬಳ್ಳಾರಿ ರಾಘವರ ಹೆಸರು ತೆಗಿ. 1946ರಲ್ಲಿ ತೀರಿಕೊಂಡ ಆ ವಕೀಲರು ಹೆಣ್ಣಿನ ಪಾತ್ರ ಹೆಣ್ಣುಮಕ್ಕಳೇ ಮಾಡಬೇಕು ಅಂತ ಆಗಲೇ ಪಟ್ಟು ಹಿಡಿದಿದ್ದರು.

ರಾಯಚೂರಿಂದ: ಒಂದೇ ವರ್ಷ ಸಾಕು ಅಂದರೆ ಹೆಗ್ಗೋಡಿನ ನೀನಾಸಂ ಸಂಸ್ಥೆ ಇದೆ, 1980ರಿಂದ ನಾಟಕದ ಡಿಪ್ಲೊಮಾ ನಡೆಸ್ತಿದ್ದಾರೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯದು ಮೂರು ವರ್ಷ, ಸೇರೋಕೆ ಪದವಿ ಆಗಿರಬೇಕು. ಮುಂದೆ ಪಾಠ ಮಾಡೋ ಮನಸ್ಸಿದ್ದರೆ ಸ್ನಾತಕೋತ್ತರವೇ ಸರಿ ಅಂತ ನನ್ನ ಅಭಿಪ್ರಾಯ. ಕಾಲೇಜಲ್ಲಿ ಪಾಠ ಮಾಡೋ ಅರ್ಹತೆಗೆ ಬರೆಯೋ ಯುಜಿಸಿ ನೆಟ್ ಪರೀಕ್ಷೆಯಲ್ಲಿ ಪ್ರದರ್ಶನ ಕಲೆಯೂ ಒಂದು ವಿಷಯ. ಓದು ಕಡಿಮೆ ಅಂದುಕೋಬೇಡಿ ಅಕ್ಕ. ನಾಟ್ಯಶಾಸ್ತ್ರದ ರಸ, ರಷ್ಯಾದ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ, ಜರ್ಮನಿಯ ನಾಟಕಕಾರ ಬ್ರೆಕ್ಟ್ ಎಲ್ಲಾ ಓದಬೇಕು. ಮತ್ತೆ, ದಿನಾ ಊರಿಂದ ಓಡಾಡ್ತೀನಿ ಅನ್ನಬೇಡಿ. ರಿಹರ್ಸಲ್ ಮುಗಿಯೋ ಹೊತ್ತಿಗೆ ಕೊನೇ ಬಸ್ ಹೋಗಿರುತ್ತೆ. ಹಾಸ್ಟೆಲ್ ಗಟ್ಟಿ ಮಾಡಿಕೊಂಡೇ ಸೇರಿ.

ಸಿಂಧನೂರಿಂದ: ಅರ್ಜಿ ಹಾಕೋ ಮುಂಚೆ, ಹೋದ ವರ್ಷ ಎಷ್ಟು ನಾಟಕ ಆಡಿಸಿದ್ರಿ ಅಂತ ವಿಭಾಗದಲ್ಲಿ ಕೇಳ್ರಿ. ನಾನು ಓದಿದ ಕಡೆ ಮೊದಲ ವರ್ಷ ಒಂದೂ ಪ್ರಯೋಗ ಆಗಲಿಲ್ಲ, ಬರೀ ನೋಟ್ಸ್. ಇವತ್ತಿಗೂ ಆ ನೋವಿದೆ. ಎರಡನೇ ವರ್ಷ ಪಾತ್ರ ಸಿಗಲಿಲ್ಲ, ಲೈಟಿಗೆ ಹಾಕಿದರು. ಅತ್ತುಬಿಟ್ಟೆ. ಈಗ ಜಿಲ್ಲೆಯ ತಂಡಗಳು ನನ್ನನ್ನ ಕರೆಯೋದು ಅದೇ ಲೈಟಿಗೆ. ಅವರ ಒಂದು ಪ್ರಯೋಗಾನಾದರೂ ಮೊದಲು ನೋಡಿಬರ್ರಿ, ಆಗೋದಾದರೆ ಅಪ್ಪನ್ನೂ ಕರಕೊಂಡು ಹೋಗ್ರಿ.