ಆಚಾರ್ರನ್ನು ಕೇಳಿ: ಹಲಗೆಯ ಅಂಚಿಗೆ ಟಿ ಬೀಡಿಂಗ್, ಸಣ್ಣ ಮೆಷಿನಿನಲ್ಲಿ ಗ್ರೂವ್

ಅಡ್ಮಿನ್: ನಮಸ್ಕಾರ. ಈ ಆದಿತ್ಯವಾರ ನಮ್ಮ ಆಚಾರ್ರು ಗ್ರೂಪಿನಲ್ಲಿ ಇರ್ತಾರೆ. ಬದಿಯಡ್ಕದ ಹತ್ತಿರ ಅವರದ್ದು ಶೆಡ್ಡು, ಮೇಜು ಕಪಾಟು ಮಾಡಲಿಕ್ಕೆ ಶುರು ಮಾಡಿ 24 ವರ್ಷ ಆಯಿತು. ಗೊತ್ತಿಲ್ಲದವರಿಗೆ: ಟಿ ಬೀಡಿಂಗ್ ಅಂದರೆ ಪ್ಲೈವುಡ್ಡಿನ ಅಂಚು ಮುಚ್ಚುವ ಪ್ಲಾಸ್ಟಿಕ್ ಪಟ್ಟಿ. ಹಿಂದೆ ಮುಳ್ಳು ಮುಳ್ಳು ಇರುವ ನಾಲಗೆ ಉಂಟು, ಅದು ಅಂಚಿನ ನಡುವೆ ಉದ್ದಕ್ಕೆ ಕೊರೆದ ಸಪೂರ ಸೀಳಿನೊಳಗೆ, ಅಂದರೆ ಗ್ರೂವಿನೊಳಗೆ ಕೂರಬೇಕು. ಒಬ್ಬರಿಗೆ ಒಂದು ಪ್ರಶ್ನೆ. ಫಾರ್ವರ್ಡ್ ಬೇಡ.

ಕುಂಬಳೆ: ಆಚಾರ್ರೇ, 18 ಮಿಲಿಮೀಟರ್ ಪ್ಲೈಗೆ ಗ್ರೂವ್ ಎಷ್ಟು ಅಗಲ ಬೇಕು?

ಆಚಾರ್ರು: ಹಲಗೆ ನೋಡಿ ಅಲ್ಲ, ಬೀಡಿಂಗಿನ ನಾಲಗೆ ನೋಡಿ ಹೇಳಬೇಕು. ಮುಳ್ಳು ಬಿಟ್ಟು ನಡುವಿನ ದಪ್ಪ ಅಳೆಯಿರಿ. ಗ್ರೂವ್ ಅದಕ್ಕಿಂತ ಚೂರು ಹೆಚ್ಚು, ಮುಳ್ಳಿಗಿಂತ ಚೂರು ಕಡಿಮೆ. ಹೆಚ್ಚಾಗಿ 1.6ರಿಂದ 2.4 ಮಿಲಿಮೀಟರಿನೊಳಗೆ ಬರ್ತದೆ. ಆಳ ನಾಲಗೆಗಿಂತ 1 ಮಿಲಿಮೀಟರ್ ಜಾಸ್ತಿ ಇರಲಿ. ಒಂದು ತುಂಡಿನಲ್ಲಿ ಹೊಡೆದು ನೋಡಿ. ಬೆರಳಲ್ಲಿ ಒತ್ತಿದರೆ ಅರ್ಧ ಹೋಗಬೇಕು, ಉಳಿದದ್ದು ರಬ್ಬರ್ ಸುತ್ತಿಗೆಗೆ. ಎಂಡಿಎಫ್‌ಗೆ (ಮರದ ನಾರು ಒತ್ತಿ ಮಾಡಿದ ಹಲಗೆ) ಬಿಗಿ ಮಾಡಿದರೆ ಅಂಚು ಉಬ್ಬಿ ಸೀಳ್ತದೆ.

ಪೆರ್ಲ: ಯಾವ ಮೆಷಿನ್ ತೆಗೊಳ್ಳಬೇಕು?

ಆಚಾರ್ರು: ದಿನಾ ಕೆಲಸ ಇದ್ದರೆ ಟ್ರಿಮ್ಮರ್ (ಕೈಯಲ್ಲಿ ಹಿಡಿದು ಅಂಚು ಕೊರೆಯುವ ಮೆಷಿನ್), ಅದಕ್ಕೆ ಸ್ಲಾಟ್ ಕಟ್ಟರ್ ಬಿಟ್ (ಗ್ರೂವ್ ಹೊಡೆಯುವ ಹಲ್ಲಿನ ಚಕ್ರ). ಒಂದೇ ಮೇಜಿಗಾದರೆ ಯಾರಲ್ಲಾದರೂ ಕೇಳಿ ತನ್ನಿ.

ನೀರ್ಚಾಲು ಮಾಷ್ಟ್ರು: ನನ್ನದು ಸ್ವಲ್ಪ ಉದ್ದ, ಕ್ಷಮಿಸಿ. ಮಗನಿಗೆ ಓದುವ ಮೇಜು ಮಾಡುವ ಅಂತ ಹೊರಟೆ. ಆನ್‌ಲೈನಿನಲ್ಲಿ ಪೆನ್ನಿನ ಹಾಗೆ ಹಿಡಿಯುವ ಸಣ್ಣ ರೋಟರಿ ಮೆಷಿನ್ ತರಿಸಿದೆ, ಅದಕ್ಕೆ 50 ಮಿಲಿಮೀಟರಿನ ಗರಗಸದ ಬ್ಲೇಡು. ಜಗಲಿಯಲ್ಲಿ ಮಗ (ಒಂಬತ್ತನೇ ಕ್ಲಾಸು) ಹಲಗೆ ಹಿಡಿದುಕೊಂಡ, ನಾನು ಹೊಡೆದೆ. ಒಂದಡಿ ಚೆನ್ನಾಗಿ ಹೋಯಿತು. ಆಮೇಲೆ ಟಕ್ ಅಂತ ಶಬ್ದ, ಮೆಷಿನ್ ಕೈಯಿಂದ ಹಾರಿ ಹಲಗೆಯ ಮೇಲ್ಮೈ ಕೊರೆದು ಆಚೆ ಬಿತ್ತು. ಬ್ಲೇಡು ಬಗ್ಗಿದೆ. ನಮಗಿಬ್ಬರಿಗೂ ಏನೂ ಆಗಲಿಲ್ಲ. ಗ್ರೂವ್ ಅಲ್ಲಲ್ಲಿ ಕಪ್ಪಾಗಿದೆ. ಸ್ಪೀಡು ಕಡಿಮೆ ಮಾಡಿದರೆ ಸರಿ ಆಗಬಹುದಾ?

ಆಚಾರ್ರು: ಮಾಷ್ಟ್ರೇ, ಮೊದಲು ಪ್ಲಗ್ ಕಿತ್ತು ಇಡಿ. ಆಮೇಲೆ ಓದಿ.

ಸಣ್ಣ ಮೆಷಿನುಗಳು ನಿಮಿಷಕ್ಕೆ 30,000-35,000 ಸುತ್ತು ಹೋಗುವುದುಂಟು. ಅಷ್ಟು ದೊಡ್ಡ ತೆಳು ಬ್ಲೇಡು ಅದನ್ನು ತಡೆಯುವುದಿಲ್ಲ. ಎಷ್ಟು ಸುತ್ತು ತಡೀತದೆ ಅಂತ ಬ್ಲೇಡಿನಲ್ಲೋ ಪೆಟ್ಟಿಗೆಯಲ್ಲೋ ಬರೆದಿರಬೇಕು, ಬರೆಯದ್ದನ್ನು ಹಾಕಲೇಬೇಡಿ. 50 ಮಿಲಿಮೀಟರ್ ಬ್ಲೇಡಿನ ಹಲ್ಲು 35,000 ಸುತ್ತಿಗೆ ಸೆಕೆಂಡಿಗೆ 90 ಮೀಟರಿಗಿಂತ ಹೆಚ್ಚು ಹೋಗ್ತದೆ. ನಿಮಗೆ ಲೆಕ್ಕ ನಾನು ಹೇಳಬೇಕಾಗಿಲ್ಲ. ಅದರಿಂದ ಒಂದು ಹಲ್ಲು ಕಿತ್ತು ಹುಡುಗನ ಕಣ್ಣಿಗೆ ಬರುವುದು ನಮಗೆ ಕಾಣಲಿಕ್ಕೂ ಸಿಗುವುದಿಲ್ಲ. ಬಗ್ಗಿದ ಬ್ಲೇಡನ್ನು ತಟ್ಟಿ ನೇರ ಮಾಡಬೇಡಿ, ಎರಡು ತುಂಡು ಮಾಡಿ ಬಿಸಾಡಿ.

ಯಾಕೆ ಹಾರಿತು ಅಂತ ನನಗೂ ತಿಳಿಯಬೇಕು. ಟಕ್ ಅಂದ ಜಾಗದಲ್ಲಿ ಗ್ರೂವಿನೊಳಗೆ ಟಾರ್ಚ್ ಹಾಕಿ ನೋಡಿ ಹೇಳಿ. ಮೆಷಿನ್ ಯಾವ ಕಡೆಗೆ ತಳ್ಳಿದ್ದೀರಿ, ಅದೂ ಹೇಳಿ. ಅಂಚಿನ ಎದುರು ನಿಂತು, ಮೆಷಿನ್ ಹಲಗೆಯ ಮೇಲೆ ನೆಟ್ಟಗೆ ಇದ್ದರೆ, ಎಡದಿಂದ ಬಲಕ್ಕೆ ಹೋಗಬೇಕು. ಬಲದಿಂದ ಎಡಕ್ಕೆ ಹೋದರೆ ಬ್ಲೇಡು ಮರವನ್ನು ಹತ್ತಿಕೊಂಡು ಮೆಷಿನನ್ನೇ ಎಳೆದುಕೊಂಡು ಓಡ್ತದೆ.

ಕಪ್ಪಾದದ್ದು ಸುಟ್ಟದ್ದು. ಒಂದೇ ಸಲಕ್ಕೆ ಪೂರಾ ಆಳ ಹೊಡೆದಿದ್ದೀರಿ, ಇಲ್ಲವೇ ಒಂದೇ ಕಡೆ ನಿಲ್ಲಿಸಿದ್ದೀರಿ.

ಉಪ್ಪಳ: ಫಾರ್ವರ್ಡ್ ಆಗಿ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ: "4 ಇಂಚಿನ ಗ್ರೈಂಡರಿನ ಗಾರ್ಡ್ ತೆಗೆದು ಮರದ ಬ್ಲೇಡು ಹಾಕಿ, ಹಲಗೆಗೆ ತೆಂಗಿನೆಣ್ಣೆ ಹಚ್ಚಿ, 5 ನಿಮಿಷದಲ್ಲಿ ಗ್ರೂವ್."

ಆಚಾರ್ರು: ಇದನ್ನು ಈಗಲೇ ಡಿಲೀಟ್ ಮಾಡಿ. ಗ್ರೈಂಡರ್ ಕಬ್ಬಿಣ ಉಜ್ಜಲಿಕ್ಕೆ. ಗಾರ್ಡ್ ತೆಗೆದು ಹಲ್ಲಿನ ಬ್ಲೇಡು ಹಾಕಿದರೆ, ಅದು ಮರಕ್ಕೆ ಕಚ್ಚಿಕೊಂಡ ಕ್ಷಣ ಕೈಗೋ ತೊಡೆಗೋ ಬರ್ತದೆ. ಎಣ್ಣೆ ಹಚ್ಚಿದ ಅಂಚಿಗೆ ಮತ್ತೆ ಗಮ್ಮು ಹಿಡಿಯುವುದಿಲ್ಲ, ಹಿಡಿದ ಕೈಯೂ ಜಾರ್ತದೆ.

ಉಪ್ಪಳ: ನನ್ನ ಭಾವ 10 ವರ್ಷದಿಂದ ಹಾಗೇ ಮಾಡುವುದು. ಅವರಿಗೆ ಎಂತ ಆಗಲಿಲ್ಲ.

ಆಚಾರ್ರು: ಅವರಿಗೆ ಇನ್ನೂ ಎಂತ ಆಗದೆ ಇರಲಿ. ಇಲ್ಲಿ ಹಾಕಬೇಡಿ.

ಅಡೂರು: ಟ್ರಿಮ್ಮರಿನಲ್ಲಿ ಬಿಟ್ ಜಾರಿ ಕೆಳಗೆ ಬರ್ತಾ ಉಂಟು. ನಟ್ ಎಷ್ಟು ಬಿಗಿದರೂ ಅಷ್ಟೇ.

ಆಚಾರ್ರು: ಬಿಟ್ಟಿನ ಕಾಲು (ಮೆಷಿನಿಗೆ ಸಿಕ್ಕಿಸುವ ಕಡ್ಡಿ) 6 ಮಿಲಿಮೀಟರಾ, ಕಾಲಿಂಚಾ? ಕಾಲಿಂಚು ಅಂದರೆ 6.35. ಕಣ್ಣಿಗೆ ಎರಡೂ ಒಂದೇ. 6ರ ಬಿಟ್ಟನ್ನು 6.35ರ ಕಾಲೆಟ್ಟಿಗೆ (ಬಿಟ್ಟನ್ನು ಹಿಡಿಯುವ ತೂತು) ಹಾಕಿದರೆ ಬಿಗಿ ಆಗುವುದಿಲ್ಲ, ಓಡುವಾಗ ಹೊರಗೆ ಬರ್ತದೆ. ಅಂಗಡಿಯಲ್ಲಿ ವರ್ನಿಯರ್ ಅಳತೆಗೋಲು ಹಿಡಿದು ನೋಡಿಯೇ ತೆಗೊಳ್ಳಿ. ಪೇಪರ್ ಸುತ್ತಿ ಹಾಕಬೇಡಿ.

ಸೀತಾಂಗೋಳಿ: ನನ್ನ ಅಭಿಪ್ರಾಯದಲ್ಲಿ ಈ ಟಿ ಬೀಡಿಂಗೇ ಹಳೇ ಕಥೆ. ಮೆಷಿನಿನಲ್ಲಿ ಅಂಟಿಸುವ ಎಡ್ಜ್ ಬ್ಯಾಂಡ್ ಹಾಕಿಸಿ, ಗ್ರೂವೇ ಬೇಡ.

ಮಂಜೇಶ್ವರ: ನಮ್ಮ ಮನೆಯದ್ದು ಎರಡೇ ಮಳೆಗಾಲಕ್ಕೆ ಎದ್ದು ಬಂತು. ಬೀಡಿಂಗ್ ಹಾಕಿದ ಹಳೇ ಮೇಜು ಈಗಲೂ ಉಂಟು.

ಸೀತಾಂಗೋಳಿ: ಅದು ಅಂಟಿಸಿದವನ ತಪ್ಪು, ಬ್ಯಾಂಡಿನದ್ದಲ್ಲ.

ಮಂಜೇಶ್ವರ: ನಿಮ್ಮದು ಅದೇ ವ್ಯಾಪಾರ ಅಲ್ವಾ, ಹಾಗೆ ಹೇಳಲೇಬೇಕು.

ಸೀತಾಂಗೋಳಿ: ವ್ಯಾಪಾರದ ಮಾತು ಯಾಕೆ ಮಾರ್ರೆ? ಪ್ರಶ್ನೆಗೆ ಉತ್ತರ ಹೇಳಿದೆ ಅಷ್ಟೆ.

ಮಂಜೇಶ್ವರ: ಕೇಳಿದ್ದು ಆಚಾರ್ರನ್ನು.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಆಚಾರ್ರು: ಎರಡೂ ನಿಲ್ತದೆ, ಒಳಗೆ ನೀರು ಹೋಗದಿದ್ದರೆ. ನಮ್ಮ ಊರಿನ ಜೂನ್-ಜುಲೈಯಲ್ಲಿ ಗೋಡೆಯೇ ಬೆವರ್ತದೆ. ಗ್ರೂವ್ ಹೊಡೆದ ಮೇಲೆ ಒಳಗೆ ತೆಳು ಬ್ರಷ್ಷಿನಲ್ಲಿ ಒಂದು ಕೋಟು ಸೀಲರ್ ಕೊಟ್ಟು, ಪೂರಾ ಒಣಗಿಸಿ ಬೀಡಿಂಗ್ ಹಾಕಿ. ಪಾರ್ಟಿಕಲ್ ಬೋರ್ಡಿಗೆ ಇದು ಬೇಕೇ ಬೇಕು. ಅಡುಗೆಮನೆಗಾದರೆ ಪ್ಲೈಯಲ್ಲಿ ಐಎಸ್ 710 (ನೀರು ತಡೆಯುವ ಪ್ಲೈಯ ಗುರುತು) ಅಂತ ಸೀಲ್ ಇರುವುದನ್ನು ತೆಗೊಳ್ಳಿ.

ಪೈವಳಿಕೆ: ಯಾವ ಮೆಷಿನ್ ಒಳ್ಳೆದು?

ಆಚಾರ್ರು: ಮೇಲೆ ಹೇಳಿದೆ.

ಮುಳ್ಳೇರಿಯದ ಅಕ್ಕ: ಆಚಾರ್ರೇ, ನಮ್ಮಲ್ಲಿ ಜಗಲಿಯಲ್ಲೇ ಎಂಡಿಎಫ್ ಕೊಯ್ಯುತ್ತಾರೆ. ಮಾವನವರಿಗೆ ದಮ್ಮು ಉಂಟು. ಬೈರಾಸು ಕಟ್ಟಿಕೊಂಡರೆ ಸಾಕಾ?

ಆಚಾರ್ರು: ಸಾಲದು ಅಕ್ಕ. ಎಂಡಿಎಫ್ ಹುಡಿ ತುಂಬಾ ನುಣ್ಣಗೆ, ಅದರಲ್ಲಿ ಗಮ್ಮಿನ ಹುಡಿಯೂ ಸೇರಿರ್ತದೆ. ಬಟ್ಟೆಯಲ್ಲಿ ದಾಟಿ ಬರ್ತದೆ. ಮರದ ಹುಡಿಯಿಂದ ಮೂಗಿನ ಕ್ಯಾನ್ಸರ್ ಬರುವುದುಂಟು. ಕೆಲಸ ಮಾಡುವವರಿಗೆ ಎನ್95 ಮಾಸ್ಕ್. ಮಾವನವರನ್ನು ಆ ದಿನ ಬೇರೆ ಮನೆಗೆ ಕಳಿಸಿ, ಹುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರಸಿ ತೆಗೆದ ಮೇಲೆ ಕರೆದುಕೊಂಡು ಬನ್ನಿ. ಗುಡಿಸಿದರೆ ಪುನಃ ಏಳ್ತದೆ.

ಉಪ್ಪಳ: ಕೈ ಕೊಯ್ದರೆ ಕಾಫಿ ಹುಡಿ ಒತ್ತಿದರೆ ರಕ್ತ ನಿಲ್ತದೆ. ಇದೂ ಉಪಯೋಗದ್ದೇ.

ಆಚಾರ್ರು: ಪುನಃ ಅದೇ. ಗಾಯದೊಳಗೆ ಹುಡಿ ತುಂಬಬೇಡಿ, ಡಾಕ್ಟರಿಗೆ ತೊಳೆದು ತೆಗೆಯುವುದೇ ಕೆಲಸ ಆಗ್ತದೆ. ಶುದ್ಧ ಬಟ್ಟೆಯಲ್ಲಿ ಒತ್ತಿ ಹಿಡಿದು, ಕೈ ಎತ್ತಿಕೊಂಡು ಆಸ್ಪತ್ರೆಗೆ ಹೋಗಿ. ಇನ್ನು ನಿಮ್ಮ ಫಾರ್ವರ್ಡಿಗೆ ನಾನು ಉತ್ತರ ಕೊಡುವುದಿಲ್ಲ.

ಉಪ್ಪಳ: ಒಳ್ಳೆದಕ್ಕೆ ಹೇಳಿದರೂ ಬೈಗುಳ. ಆಯಿತು.

ಬೇಕೂರು: ಹಲಸಿನ ಹಲಗೆಗೆ ಬೀಡಿಂಗ್ ಕೂರ್ತದಾ?

ಪೆರ್ಲ: ಉರುಟು ಮೂಲೆಯಲ್ಲಿ ಬೀಡಿಂಗ್ ಎದ್ದು ನಿಲ್ತದೆ, ಎಂತ ಮಾಡುವುದು?

ಮಂಜೇಶ್ವರ: ಮೂಲೆ ಬರುವಲ್ಲಿ ನಾಲಗೆಗೆ ಕತ್ತರಿಯಲ್ಲಿ ವಿ ಆಕಾರದ ಕಚ್ಚು ಕೊಡಿ. ನಾನು ಹಾಗೆ ಮಾಡಿದ್ದು.

ನೀರ್ಚಾಲು ಮಾಷ್ಟ್ರು: ಆಚಾರ್ರೇ, ಟಾರ್ಚ್ ಹಾಕಿ ನೋಡಿದೆ. ಪ್ಲೈಯ ಒಳಪದರದಲ್ಲಿ ಒಂದು ಬೆರಳಿನಷ್ಟು ಜಾಗ ಖಾಲಿ ಉಂಟು. ಅದರ ಆಚೆ ಬದಿಯಲ್ಲಿ ಕಪ್ಪು ಗಂಟು, ಗಂಟಿನಲ್ಲಿ ಹಲ್ಲಿನ ಗುರುತು. ತಳ್ಳಿದ್ದು ಬಲದಿಂದ ಎಡಕ್ಕೆ, ನೀವು ಹೇಳಿದ್ದರ ಉಲ್ಟಾ.

ಆಚಾರ್ರು: ಅದೇ. ಖಾಲಿಯಲ್ಲಿ ಬ್ಲೇಡು ಸಡಿಲ ಆಗಿ ಮುಂದೆ ನುಗ್ಗಿತು, ನುಗ್ಗಿದ್ದು ಗಂಟಿಗೆ ಹೊಡೆಯಿತು. ತಳ್ಳಿದ ದಿಕ್ಕೂ ತಪ್ಪಾದ ಕಾರಣ ಮೆಷಿನನ್ನು ತಡೆಯಲಿಕ್ಕೆ ಏನೂ ಇರಲಿಲ್ಲ. ಆ ಖಾಲಿಗೆ ಎಪಾಕ್ಸಿಯಲ್ಲಿ ಮರದ ಹುಡಿ ಕಲಸಿ ತುಂಬಿ, ಮರುದಿನ ಕೊಯ್ಯಿರಿ. ಇಲ್ಲದಿದ್ದರೆ ಅಲ್ಲಿ ಮುಳ್ಳು ಹಿಡಿಯುವುದಿಲ್ಲ.

ಮೆಷಿನನ್ನು ಪೆನ್ನಿನ ಹಾಗೆ ಹಿಡಿಯುವುದು ಬಿಡಿ. 12 ಮಿಲಿಮೀಟರಿನ ಪ್ಲೈ ತುಂಡಿಗೆ ತೂತು ಮಾಡಿ ಮೆಷಿನನ್ನು ಅದರಲ್ಲಿ ನೆಟ್ಟಗೆ ಕೂರಿಸಿ, ಅಲ್ಲಾಡದ ಹಾಗೆ ಕ್ಲ್ಯಾಂಪ್ ಹಾಕಿ. ಆ ತುಂಡು ಹಲಗೆಯ ಮೇಲೆ ಜಾರಬೇಕು. ಮೇಲ್ಮೈಯಿಂದ ಬ್ಲೇಡಿನವರೆಗೆ ಹಲಗೆಯ ಅರ್ಧ ದಪ್ಪ ಬರಬೇಕು. 18ರ ಪ್ಲೈ ಪೂರಾ 18 ಇರುವುದಿಲ್ಲ, ಮೇಲೆ ಮೈಕಾ ಇದ್ದರೆ ಅದೂ ಸೇರ್ತದೆ, ಹಾಗಾಗಿ ಅಳೆದೇ ಗುರುತು ಹಾಕಿ. ಯಾವಾಗಲೂ ಮೇಜಿನ ಮೇಲ್ಬದಿಯಿಂದಲೇ ಹೊಡೆಯಿರಿ.

ಬ್ಲೇಡು 22 ಮಿಲಿಮೀಟರಿನದ್ದು ಸಾಕು. ನಡುವಿನ ಸ್ಕ್ರೂ 6 ಇದ್ದರೆ ಬದಿಗೆ 8 ಉಳೀತದೆ, ಅಷ್ಟೇ ಆಳ. ನಿಮ್ಮ ನಾಲಗೆ 7ಕ್ಕಿಂತ ಉದ್ದ ಇದ್ದರೆ ಈ ಮೆಷಿನಿನಲ್ಲಿ ಆಗುವುದಿಲ್ಲ, ಹಲಗೆ ಶೆಡ್ಡಿಗೆ ತನ್ನಿ. ಬ್ಲೇಡು ಸಿಕ್ಕಿಸುವ ಕಡ್ಡಿಯನ್ನು ಬೇಕಾದದ್ದಕ್ಕಿಂತ ಉದ್ದ ಹೊರಗೆ ಬಿಡಬೇಡಿ, ವೇಗಕ್ಕೆ ಬಗ್ತದೆ. ಆ ಪ್ಲೈ ತುಂಡಿನ ಕೆಳಗೆ, ಹಲಗೆಯ ಅಂಚಿಗೆ ತಾಗಿ ನಿಲ್ಲುವ ಹಾಗೆ, ಒಂದು ಅಡ್ಡಪಟ್ಟಿ ಕೊಟ್ಟು ಮೊದಲು 2 ಮಿಲಿಮೀಟರ್ ಆಳ, ಪಟ್ಟಿ ಸರಿಸಿ ಪುನಃ 2. ಹಲಗೆಗೆ ಎರಡು ಸಿ ಕ್ಲ್ಯಾಂಪ್. ಮಗನ ಕೈ ಅಲ್ಲ.

ಮಳೆಗೆ ಕರೆಂಟ್ ಹೋದರೆ ಮೊದಲು ಸ್ವಿಚ್ ಆಫ್. ಪುನಃ ಬಂದಾಗ ಮೆಷಿನ್ ತಾನೇ ತಿರುಗಲಿಕ್ಕೆ ಶುರು ಮಾಡ್ತದೆ.

ಪೈವಳಿಕೆ: ಮೇಲೆ ಎಲ್ಲಿ? ಸಿಗ್ತಾ ಇಲ್ಲ.

ನೀರ್ಚಾಲು ಮಾಷ್ಟ್ರು: ತುಂಬಾ ಉಪಕಾರ ಆಯಿತು. ನಾಲಗೆ ಅಳೆದೆ, 6.5 ಉಂಟು. ಕ್ಲ್ಯಾಂಪ್ ನಾಳೆ ತರ್ತೇನೆ. ಮಗನಿಗೆ ನೋಡಬೇಕಂತೆ, ನಿಲ್ಲಿಸಬಹುದಾ?

ಆಚಾರ್ರು: ನಿಲ್ಲಿಸಿ, ಕಲೀಲಿ. ಕಣ್ಣಿಗೆ ಕನ್ನಡಕ ಹಾಕಿಸಿ. ಬ್ಲೇಡು ತಿರುಗುವ ಗೆರೆಯಲ್ಲಿ ಅವನೂ ಬೇಡ, ನೀವೂ ಬೇಡ. ನಿಮ್ಮ ಬೆನ್ನ ಹಿಂದೆ ಎರಡು ಹೆಜ್ಜೆ.